ಪೂರ್ತಿ ಹೋಯ್ತು ಅಂದವಳು

"ಆ ಗುಣ ಆದವರು ನೀವೇನಾ?"

ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದ ಮನುಷ್ಯ ತಲೆ ಎತ್ತದೆಯೇ ಕೇಳಿದ. ಅವನ ದೃಷ್ಟಿ ಅವಳ ಮುಖದ ಮೇಲಿರಲಿಲ್ಲ, ಪಾದಗಳ ಮೇಲಿತ್ತು. ಬಾಗಿಲಿನಿಂದ ಮಂಚದವರೆಗೆ ಅವಳು ಹೇಗೆ ನಡೆದು ಬಂದಳು ಎಂಬುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ್ದ.

"ಹೌದು, ನಾನೇ," ಎಂದು ಅವಳು ನಕ್ಕಳು. ಈ ವಾರ್ಡಿಗೆ ಬಂದಾಗಲೆಲ್ಲ ತೊಟ್ಟುಕೊಳ್ಳುವ ನಗು ಅದು.

ಅವಳದು ಹೆಂಗಸರ ಕೂದಲು ಕತ್ತರಿಸುವ ಸಣ್ಣ ಪಾರ್ಲರ್. ದಿನವಿಡೀ ನಿಂತೇ ಮಾಡುವ ಕೆಲಸ. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವಳ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಅಂದಿನಿಂದ ಯಾರಾದರೂ ರೋಗಿ ಆಪರೇಷನ್ ಅಂದರೆ ಹೆದರಿ ಹಿಂದೇಟು ಹಾಕಿದರೆ ಡಾಕ್ಟರು ಅವಳನ್ನು ಕರೆಸುತ್ತಿದ್ದರು. ಅವಳು ಬಂದು, ನಾಲ್ಕು ಹೆಜ್ಜೆ ನಡೆದು ತೋರಿಸಿ, ಎರಡು ಧೈರ್ಯದ ಮಾತು ಹೇಳಿದರೆ ಎಂಥವರೂ ಒಪ್ಪಿಬಿಡುತ್ತಿದ್ದರು. ಡಾಕ್ಟರಿಗೆ ಅವಳು 'ನಮ್ಮ ಗೆಲುವು'.

ಆದರೆ ಈ ಮನುಷ್ಯ ಬೇರೆ ಥರ. ಟೈಲ್ಸ್ ಮೇಸ್ತ್ರಿ. ಮಂಡಿಯೂರಿ, ಬಗ್ಗಿ, ಊರಿನ ಅರ್ಧ ನೆಲಗಳನ್ನು ಹಾಸಿದವನು. ಈಗ ಸೊಂಟದಿಂದ ಹಿಮ್ಮಡಿವರೆಗೆ ಬೆಂಕಿಯ ಎಳೆ ಹಾದುಹೋಗುತ್ತಿದ್ದರೂ ಮುಖ ಗಂಟಿಕ್ಕದೆ ಮಲಗಿದ್ದ.

"ಡಾಕ್ಟ್ರು ಏನಂದ್ರು?" ಎಂದು ಕೇಳಿದಳು.

"ಕಾಲಿಗಿಳಿಯೋ ನೋವು ಹೋಗುತ್ತೆ ಅಂದ್ರು. ಸೊಂಟದ್ದು ಹೋದ್ರೆ ಹೋಯ್ತು, ಇದ್ರೆ ಇತ್ತು ಅಂದ್ರು. ನೆಲದ ಕೆಲಸ ಮರೆತುಬಿಡು ಅಂದ್ರು." ಅವನು ಚಾವಣಿ ನೋಡಿದ. "ನೆಲ ಬಿಟ್ಟು ನಾನೇನು ಆಕಾಶಕ್ಕೆ ಟೈಲ್ಸ್ ಹಾಕ್ಲಾ?"

ಅವಳಿಗೆ ನಿಜವಾಗಿಯೂ ನಗು ಬಂತು. ಅವನೂ ಸ್ವಲ್ಪ ನಕ್ಕ. ಆ ಸಣ್ಣ ನಗುವಿನಲ್ಲಿ ಅವಳ ಎದೆಯೊಳಗೆ ಏನೋ ಅಲುಗಿತು... ಬಹಳ ದಿನದಿಂದ ಮುಚ್ಚಿದ್ದ ಕಿಟಕಿಯನ್ನು ಯಾರೋ ಹೊರಗಿನಿಂದ ಮುಟ್ಟಿದ ಹಾಗೆ.

"ಡಾಕ್ಟ್ರು ಮೂಳೆ ನೋಡಿರ್ತಾರೆ. ನೋವು ತಿಂದಿರೋದು ನೀವು," ಎಂದ ಮೇಸ್ತ್ರಿ. ಈಗ ಅವನ ಕಣ್ಣು ನೇರವಾಗಿ ಅವಳ ಕಣ್ಣಲ್ಲಿತ್ತು. "ಅದಕ್ಕೆ ನಿಮ್ಮನ್ನ ಕೇಳ್ತೀನಿ. ನಿಜ ಹೇಳಿ. ನೋವು ಹೋಯ್ತಾ?"

ಬೆಳಿಗ್ಗೆಯಿಂದ ನಿಂತು ನಿಂತು ಅವಳ ಸೊಂಟ ಆ ಹೊತ್ತಿನಲ್ಲೇ ಉರಿಯುತ್ತಿತ್ತು. ಯಾರೋ ಕಾದ ಸರಳನ್ನು ಅಡ್ಡಡ್ಡ ಇಟ್ಟು ಒತ್ತಿದಂತೆ.

'ಹೇಳಿಬಿಡು... ಇವನೊಬ್ಬನಿಗಾದರೂ ಹೇಳಿಬಿಡು.'

"ಪೂರ್ತಿ ಹೋಯ್ತು," ಎಂದಳು.

ಅವನು ಇನ್ನೊಮ್ಮೆ ಅವಳ ಪಾದಗಳನ್ನು ನೋಡಿದ. ಆಮೇಲೆ ಉಸಿರು ಬಿಟ್ಟ.

"ಸರಿ. ಹಾಗಾದ್ರೆ ಮಾಡಿಸ್ಕೊಳ್ತೀನಿ."

ಅವಳು ವಾರ್ಡಿನಿಂದ ಹೊರಗೆ ಬಂದಳು. ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಟೀಚರಮ್ಮ ಕೂತಿದ್ದರು. ಹೋದ ವರ್ಷ ಅವಳೇ ಧೈರ್ಯ ಹೇಳಿ ಆಪರೇಷನ್‌ಗೆ ಒಪ್ಪಿಸಿದ್ದವರು. ಮತ್ತೆ ತರಗತಿಯಲ್ಲಿ ನಿಂತು ಪಾಠ ಮಾಡಬೇಕು ಅನ್ನುವುದೊಂದೇ ಅವರ ಆಸೆಯಾಗಿತ್ತು. ನಿಲ್ಲಲು ಆಗಲಿಲ್ಲ, ಕೆಲಸ ಬಿಟ್ಟರು. ಆದರೂ ತಪಾಸಣೆಯ ನೆಪದಲ್ಲಿ ಬಂದು ಇಲ್ಲೇ ಕೂರುತ್ತಿದ್ದರು.

"ಇನ್ನೊಬ್ಬರನ್ನ ಒಪ್ಪಿಸಿದೆಯಾ?" ಎಂದು ಅವರು ಕೇಳಿದರು. ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ನಾನು ಎಲ್ಲ ವ್ಯಾಯಾಮ ಮಾಡ್ದೆ. ಹೇಳಿದ ಹಾಗೇ ಮಲಗಿದೆ, ಎದ್ದೆ. ನಿಂಗೆ ಮಾತ್ರ ಹೇಗೆ ಹೋಯ್ತಮ್ಮ?"

ಅವಳು ಬೇಗ ಬೇಗ ಮೆಟ್ಟಿಲಿಳಿದಳು.

ಆ ಸುಳ್ಳು ಹುಟ್ಟಿದ್ದು ಕೆಟ್ಟ ಮನಸ್ಸಿನಿಂದಲ್ಲ. ಅವಳು ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡವಳು ಅಕ್ಕ. ತಲೆಗೆ ನೀರು ಹಾಕಿ, ಕಾಲಿಗೆ ಚಪ್ಪಲಿ ಸಿಕ್ಕಿಸಿ, ಬಂದ ಸಂಬಂಧಗಳನ್ನೆಲ್ಲ 'ಈಗ ಬೇಡ' ಎಂದು ಮುಂದೂಡುತ್ತಾ ಅಕ್ಕನ ವಯಸ್ಸು ಸರಿದು ಹೋಗಿತ್ತು. ಆಪರೇಷನ್ ಆದ ಮೇಲೆ ಅಕ್ಕ ಅವಳ ಕೈ ಹಿಡಿದು, "ನೋವು ಹೋಯ್ತಾ ಪುಟ್ಟಿ?" ಎಂದು ಕೇಳಿದಾಗ ಆ ಮುಖದಲ್ಲಿದ್ದ ಆಸೆ ನೋಡಲಾರದೆ ಅವಳು 'ಹೂಂ' ಎಂದಿದ್ದಳು.

ಸುಳ್ಳೂ ಪೂರ್ತಿ ಸುಳ್ಳಲ್ಲ. ಕಾಲಿನ ನೋವು ಹೋಗಿತ್ತು. ಸೊಂಟದ್ದು ಉಳಿದಿತ್ತು. ಅಕ್ಕ ಬೇರೆ ಊರಿನಲ್ಲಿ ಕೆಲಸ ಹಿಡಿದು ಹೋದಳು, ಅಲ್ಲೇ ಮದುವೆಯೂ ಆಯಿತು. ಇನ್ನು ಬಾಯಿ ಬಿಟ್ಟರೆ ಅಕ್ಕ ಎಲ್ಲವನ್ನೂ ಬಿಟ್ಟು ಓಡಿ ಬರುತ್ತಾಳೆ ಎಂಬ ಭಯ. ಹಾಗಾಗಿ ದಿನಾ ಸಂಜೆ, ಕೊನೆಯ ಗಿರಾಕಿ ಹೋದ ಮೇಲೆ, ಪಾರ್ಲರಿನ ಬಾಗಿಲು ಹಾಕಿಕೊಂಡು ಕೂದಲು ತೊಳೆಯುವ ಬೇಸಿನ್‌ನ ಹಿಂದೆ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗುತ್ತಿದ್ದಳು. ಉರಿ ಇಳಿಯುವವರೆಗೆ... ಒಬ್ಬಳೇ.

ಮೇಸ್ತ್ರಿಯ ಆಪರೇಷನ್ ಸುಸೂತ್ರವಾಗಿ ಆಯಿತು. ಮಾರನೆಯ ದಿನವೇ ಅವನು ಗೋಡೆ ಹಿಡಿದು ನಡೆದ. ಅವಳು ನೋಡಲು ಹೋದಾಗ ಅವನ ಮುಖದಲ್ಲಿ ಹಬ್ಬಿದ್ದ ಬೆಳಕನ್ನು ಕಂಡು, 'ಇವನಿಗೆ ನಿಜವಾಗಿಯೂ ಪೂರ್ತಿ ಹೋಗಲಿ. ನನ್ನ ಸುಳ್ಳು ಇವನಲ್ಲಾದರೂ ನಿಜವಾಗಲಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಬಿಡುಗಡೆಯಾದ ಮೇಲೆ ಅವನು ನಡಿಗೆಯ ನೆಪದಲ್ಲಿ ಪಾರ್ಲರಿನ ಕಡೆ ಬರತೊಡಗಿದ. ಒಳಗೆ ಬರುವಂತಿಲ್ಲ, ಹೆಂಗಸರ ಪಾರ್ಲರ್. ಬಾಗಿಲ ಹೊರಗೆ ನಿಂತು ನೆಲ ನೋಡಿ ಮೂಗು ಮುರಿಯುತ್ತಿದ್ದ.

"ಈ ನೆಲ ಯಾರು ಹಾಕಿದ್ದು?"

"ಯಾಕೆ?"

"ಸಿಕ್ಕಿದ್ರೆ ಎರಡು ಮಾತು ಕೇಳೋಣ ಅಂತ. ನೀರು ಚೆಲ್ಲಿದ್ರೆ ಹೊರಗೆ ಹೋಗಲ್ಲ, ನೇರವಾಗಿ ನಿನ್ನ ಕಾಲಿಗೇ ಬರುತ್ತೆ."

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಹತ್ತಿರದ ಉದ್ಯಾನವನದಲ್ಲಿ ನಿಧಾನಕ್ಕೆ ನಡೆಯುತ್ತಿದ್ದರು. ಅವನು ತಮಾಷೆ ಮಾಡುತ್ತಿದ್ದ, ಅವಳು ನಗುತ್ತಿದ್ದಳು. ಒಂದು ದಿನ ಮೆಟ್ಟಿಲು ಹತ್ತುವಾಗ ಅವನು ಕೈ ನೀಡಿದ. ಹತ್ತಿದ ಮೇಲೂ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ಆದರೆ ಆ ಸುಖದ ನಡುವೆಯೇ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು.

"ಸೊಂಟದಲ್ಲಿ ಇನ್ನೂ ಮೊಳೆ ಹೊಡೆದ ಹಾಗಿದೆ. ನಿಂಗೆ ಈ ಹೊತ್ತಿಗೆ ಹೋಗಿತ್ತಾ?"

"ಹೂಂ... ಹೆಚ್ಚು ಕಮ್ಮಿ."

"ಹಾಗಾದ್ರೆ ನಾನೇ ಸೋಮಾರಿ," ಎಂದು ಅವನು ಹಲ್ಲು ಕಚ್ಚುತ್ತಿದ್ದ. ನಡಿಗೆ ಹೆಚ್ಚಿಸಿದ. ಡಾಕ್ಟರು ಹೇಳಿದ ವ್ಯಾಯಾಮವನ್ನು ದುಪ್ಪಟ್ಟು ಮಾಡಿದ. ಅವನ ಕಣ್ಣಿನ ಕೆಳಗೆ ಕಪ್ಪು ಇಳಿಯಿತು. ಕೂರುವಾಗ ಕುರ್ಚಿಯ ಕೈ ಹಿಡಿದು, ಉಸಿರು ಬಿಗಿಹಿಡಿದು ಕೂರುವುದನ್ನು ಅವಳು ಕಂಡಳು. ತನ್ನದೇ ಕಳ್ಳತನ ಅದು... ತಾನೂ ಹಾಗೆಯೇ ಕೂರುತ್ತಿದ್ದುದು.

"ಸ್ವಲ್ಪ ನಿಧಾನ ಮಾಡು," ಎಂದಳು.

"ನಿಧಾನ ಮಾಡಿದ್ರೆ ನಿನ್ನಂಗೆ ಆಗೋದು ಯಾವಾಗ? ಆಮೇಲೆ... ನೀನು ಯಾವಾಗಿಂದ ಭಾರ ಎತ್ತೋಕೆ ಶುರು ಮಾಡಿದೆ?"

ಅವಳ ನಾಲಿಗೆಯ ತುದಿಯವರೆಗೆ ನಿಜ ಬಂದಿತ್ತು. ಅಷ್ಟರಲ್ಲಿ ಅವನು, "ನಿನ್ನ ಮಾತು ಇಲ್ದಿದ್ರೆ ನಾನು ಆ ಮಂಚದಲ್ಲೇ ಕೊಳೀತಿದ್ದೆ, ಗೊತ್ತಾ?" ಎಂದ, ಅವಳ ಬೆರಳುಗಳನ್ನು ಒತ್ತಿ.

ನಿಜ ಹಾಗೇ ಹಿಂದಕ್ಕೆ ಹೋಯಿತು.

"ಬೇಗನೇ ಶುರು ಮಾಡ್ದೆ," ಎಂದಳು.

ಹೇಳಿದ ಮರುಗಳಿಗೆಯೇ ಏನೋ ಕೆಟ್ಟದ್ದು ಹೊರಟಾಗಿದೆ, ದಾರಿಯಲ್ಲಿದೆ ಎಂದು ಅವಳಿಗೆ ಅನ್ನಿಸಿತು. ಎರಡು ಸಲ ಅವನಿಗೆ ಹೇಳಬೇಕೆಂದು ಹೊರಟು, ಎರಡು ಸಲವೂ ಅವನ ಮುಖ ನೋಡಿ ಸುಮ್ಮನಾದಳು.

ಅವಳು ಅಕ್ಕನ ಊರಿಗೆ ಹೋಗಿದ್ದ ರಜೆಯ ದಿನ ಅದು. ಪಾರ್ಲರಿನ ಒಂದು ಬೀಗದಕೈ ಅವನ ಬಳಿಯೇ ಇತ್ತು. ನಲ್ಲಿ ಸೋರುವುದನ್ನು ನೋಡಿಸುತ್ತೇನೆಂದು ಇಸಿದುಕೊಂಡಿದ್ದ. ಮರಳಿ ಬಂದವಳು ಬಸ್ಸಿಳಿದು ನೇರವಾಗಿ ಪಾರ್ಲರಿಗೆ ಬಂದಳು. ಷಟರ್ ಅರ್ಧ ಎತ್ತಿತ್ತು. ಒಳಗೆ ಸಿಮೆಂಟಿನ ಹಸಿ ವಾಸನೆ.

ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಲಾಗಿತ್ತು. ಹಳೆಯ ನೆಲವನ್ನು ಕಿತ್ತು, ಅರ್ಧ ಕೋಣೆಗೆ ತಿಳಿ ಬೂದು ಬಣ್ಣದ ಹೊಸ ಟೈಲ್ಸ್ ಹಾಸಲಾಗಿತ್ತು. ಎಷ್ಟು ಸಮವಾಗಿ ಅಂದರೆ ಬೆಳಕು ಅದರ ಮೇಲೆ ಎಲ್ಲೂ ಮುರಿದಿರಲಿಲ್ಲ. ಆ ಅರ್ಧ ಮುಗಿಯುವಲ್ಲಿ ಅವನು ಬೋರಲಾಗಿ ಬಿದ್ದಿದ್ದ. ಕೆನ್ನೆ ಹಸಿ ಗಾರೆಗೆ ತಾಗಿತ್ತು.

"ಮುಗಿಸಿ ಹೇಳೋಣ ಅಂದ್ಕೊಂಡಿದ್ದೆ," ಎಂದ ಅವನು, ಬಹಳ ಮೆಲ್ಲಗೆ. "ಕಾಲು ಇದ್ಯಾ ನೋಡು... ನಂಗೆ ಗೊತ್ತಾಗ್ತಿಲ್ಲ."

ಅವಳು ಅವನ ಪಾದ ಹಿಡಿದಳು. ಅದು ಬಟ್ಟೆಯ ಹಾಗೆ ಜೋತುಬಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಅವಸರ.

"ಬೆನ್ನುಮೂಳೆಯ ಡಿಸ್ಕ್ ಅದೇ ಜಾಗದಲ್ಲಿ ಮತ್ತೆ ಜಾರಿದೆ. ನರ ಒತ್ತಿ ಹೋಗಿದೆ. ಈಗಲೇ ಮತ್ತೆ ಆಪರೇಷನ್ ಮಾಡಿದರೆ ಪಾದಕ್ಕೆ ಜೀವ ಬರಬಹುದು. ತಡ ಆದ್ರೆ ಬರಲ್ಲ. ಅವನು ಹೂಂ ಅಂತಿಲ್ಲ, ಉಹೂಂ ಅಂತಿಲ್ಲ. ನೀವು ಹೋಗಿ ಯಾವಾಗಲಿನ ಹಾಗೆ ಧೈರ್ಯ ಹೇಳಿ. ನಿಮ್ಮ ಮಾತು ಕೇಳ್ತಾನೆ."

ಅವಳು ಬಾಗಿಲಲ್ಲಿ ನಿಂತಳು. 'ನಿಜ ಹೇಳಿದರೆ ಇನ್ನು ಯಾವ ಮಾತನ್ನೂ ನಂಬಲ್ಲ. ಆಪರೇಷನ್ ಬೇಡ ಅಂದರೆ ಪಾದ ಹೋಗುತ್ತೆ. ಸುಳ್ಳು ಹೇಳಿದರೆ ಪಾದ ಉಳಿಯುತ್ತೆ...' ಒಂದೇ ಒಂದು ಸುಳ್ಳು. ಇಷ್ಟು ಹೇಳಿದವಳಿಗೆ ಇನ್ನೊಂದು ಎಷ್ಟರದು?

ಅವನು ತಲೆ ತಿರುಗಿಸಿ ಅವಳನ್ನು ನೋಡಿದ.

"ನಾನೇ ಏನೋ ತಪ್ಪು ಮಾಡಿದೀನಿ ಅಲ್ವಾ?" ಎಂದ. "ನಿಂಗೆ ಸರಿ ಹೋಗಿದ್ದು ನಂಗ್ಯಾಕೆ ಆಗ್ಲಿಲ್ಲ? ನಾನೇ ಸರಿಯಿಲ್ಲ."

ಅದನ್ನು ಅವಳು ತಡೆದುಕೊಳ್ಳಲಾರದೆ ಹೋದಳು.

"ನಂಗೆ ಹೋಗಿಲ್ಲ."

ಹಿಂದೆ ಬಂದಿದ್ದ ಡಾಕ್ಟರು ಅಲ್ಲೇ ನಿಂತರು.

"ಕಾಲಿಂದು ಹೋಯ್ತು. ಸೊಂಟದ್ದು ಒಂದು ದಿನಾನೂ ಬಿಟ್ಟಿಲ್ಲ. ಸಂಜೆ ಆದ್ರೆ ನಿಲ್ಲೋಕಾಗಲ್ಲ, ಬಾಗಿಲು ಹಾಕ್ಕೊಂಡು ನೆಲದ ಮೇಲೆ ಮಲಗ್ತೀನಿ. ಭಾರ ಎತ್ತಿಲ್ಲ. ಎತ್ತಿದೆ ಅಂದಿದ್ದೂ ಸುಳ್ಳು. ನೀನೇನೂ ತಪ್ಪು ಮಾಡಿಲ್ಲ. ಇಲ್ಲದೇ ಇರೋ ಜಾಗಕ್ಕೆ ನಾನು ನಿನ್ನ ನಡೆಸಿದೆ."

ಹೊರಗೆ ಯಾವುದೋ ಮಂಚದ ಗಾಲಿ ಕೀರೆನ್ನುತ್ತಾ ಹೋಯಿತು.

"ಪ್ರತಿ ಸಲ ಚೆನ್ನಾಗಿದೀನಿ ಅಂದ್ರಲ್ಲ ನೀವು," ಎಂದರು ಡಾಕ್ಟರು ಕೊನೆಗೆ.

"ನೀವು ಬಾಗಿಲಲ್ಲಿ ನಿಂತು ಕೇಳ್ತಿದ್ರಿ ಡಾಕ್ಟ್ರೆ. ಅಷ್ಟರಲ್ಲಿ ಹೇಳೋಕಾಗೋದು ಅಷ್ಟೇ."

ಮೇಸ್ತ್ರಿಯ ಮುಖ ಕಲ್ಲಾಗಿತ್ತು.

"ಈಗ ನಾನು ಯಾವ ಮಾತು ನಂಬ್ಲಿ? ಹೇಳಿ," ಎಂದ. ಆ 'ಹೇಳಿ' ಅವಳ ಎದೆಗೆ ನಾಟಿತು. 'ನೀನು' ಹೋಗಿ 'ನೀವು' ಬಂದಿತ್ತು.

"ನನ್ನದು ಯಾವುದೂ ಬೇಡ. ಡಾಕ್ಟ್ರನ್ನೇ ಕೇಳಿ. ಏನು ಸಿಗುತ್ತೆ ಅಂತಾನೂ ಕೇಳಿ, ಏನು ಸಿಗಲ್ಲ ಅಂತಾನೂ ಕೇಳಿ."

ಅವನು ಡಾಕ್ಟರ ಕಡೆ ತಿರುಗಿದ. ಆ ದಿನ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಪಾದ ಬರುವ ಸಾಧ್ಯತೆ ಹೆಚ್ಚು, ಖಾತರಿ ಇಲ್ಲ. ಸೊಂಟದ ನೋವು ಉಳಿಯುತ್ತದೆ, ಬಹುಶಃ ಜೀವನವಿಡೀ. ಮಂಡಿಯೂರಿ ಮಾಡುವ ಕೆಲಸ ಮುಗಿಯಿತು. ಎಲ್ಲವನ್ನೂ ಬಿಡಿಸಿ ಹೇಳಿದರು.

"ಪಾದಕ್ಕೋಸ್ಕರ ಮಾಡಿ," ಎಂದ ಮೇಸ್ತ್ರಿ. ಆಮೇಲೆ ಅವಳನ್ನು ನೋಡದೆಯೇ ಹೇಳಿದ. "ನೀವು ಹೊರಡಿ."

ಅವನನ್ನು ಒಳಗೆ ಕರೆದೊಯ್ದ ಮೇಲೆ ಅವಳು ಹೋಗಲಾರದೆ ಕಾರಿಡಾರಿನಲ್ಲಿ ಉಳಿದಳು. ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಪ್ರತಿ ಸಲ ಬಾಗಿಲು ಅಲುಗಿದಾಗಲೂ ಅವಳು ಎದ್ದು ನಿಲ್ಲುತ್ತಿದ್ದಳು. ಟೀಚರಮ್ಮ ಅದೇ ಬೆಂಚಿನಲ್ಲಿದ್ದರು. ಅವಳು ಅವರ ಪಕ್ಕ ಕೂತು, ಅವರಿಗೂ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಹೇಳಿದಳು.

ಟೀಚರಮ್ಮ ಬೆನ್ನಿನ ದಿಂಬನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಾಗಾದ್ರೆ ನಾನೊಬ್ಬಳೇ ಅಲ್ಲ," ಎಂದರು. "ನನ್ನ ಪಾಪವೇ ಇರಬೇಕು ಅಂದ್ಕೊಂಡಿದ್ದೆನಲ್ಲಮ್ಮ. ಒಂದು ವರ್ಷದಿಂದ." ಆಮೇಲೆ, ಮುಖ ಆಚೆ ತಿರುಗಿಸಿ, "ಮೊದಲೇ ಹೇಳಿದ್ರೂ ನಾನು ಮಾಡಿಸ್ಕೊಳ್ತಿದ್ದೆ. ಆದ್ರೆ ನನ್ನನ್ನ ನಾನು ಇಷ್ಟು ಬೈಕೊಳ್ತಿರಲಿಲ್ಲ" ಎಂದರು.

ಕೆಂಪು ದೀಪ ಆರಿದಾಗ ಡಾಕ್ಟರು ಹೊರಗೆ ಬಂದು, "ನರ ಬಿಡಿಸಿದೀವಿ. ಪಾದ ಕಾದು ನೋಡಬೇಕು," ಎಂದರು. ಅಷ್ಟೇ. ಮೇಸ್ತ್ರಿ ಅವಳನ್ನು ನೋಡಲು ಒಪ್ಪಲಿಲ್ಲ. ಅವನ ಅತ್ತಿಗೆ ಬಾಗಿಲಿಗೆ ಬಂದು, "ಈಗ ಬೇಡ ಅಂತಿದಾನೆ," ಎಂದು ಮೆಲ್ಲಗೆ ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಮತ್ತೆ ಹೋದಾಗಲೂ ಅದೇ ಮಾತು.

ಆ ವಾರ ಅಕ್ಕ ಬಂದಳು. ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದವಳ ಎದುರು ಅವಳು ಎಲ್ಲವನ್ನೂ ಹೇಳಿದಳು. ಅಕ್ಕನ ಕೈ ನಿಂತಿತು.

"ಗೊತ್ತಿತ್ತು," ಎಂದಳು ಅಕ್ಕ.

"ಏನು?"

"ನೀನು ಚಪ್ಪಲಿ ಹಾಕ್ಕೊಳ್ಳೋದು ನೋಡಿದ್ರೆ ಗೊತ್ತಾಗಲ್ವಾ ನಂಗೆ? ಎಷ್ಟು ದಿನ ನಾನೇ ಹಾಕಿಲ್ಲ?" ಅಕ್ಕ ತಲೆ ಎತ್ತಲಿಲ್ಲ. "ಆದ್ರೆ ನಂಗೆ ಇಲ್ಲಿಂದ ಹೋಗಬೇಕಿತ್ತು ಪುಟ್ಟಿ. ಸಾಕಾಗಿತ್ತು. ನೀನು ಹೋಯ್ತು ಅಂದೆ, ನಾನು ನಂಬಿದೆ. ನಂಬೋದು ನಂಗೆ ಬೇಕಿತ್ತು."

ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅಳು. ಆಮೇಲೆ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ, ಮಡಿಸದ ಬಟ್ಟೆಗಳ ನಡುವೆ ಬಹಳ ಹೊತ್ತು ಕೂತಿದ್ದರು.

ತಿಂಗಳುಗಳು ಸರಿದವು. ಅವಳು ಪಾರ್ಲರಿನಲ್ಲಿ ಎತ್ತರದ ಸ್ಟೂಲ್ ತಂದಿಟ್ಟುಕೊಂಡು, ಗಿರಾಕಿಗಳ ಎದುರೇ ಕೂತು ಕೆಲಸ ಮಾಡತೊಡಗಿದಳು. ಯಾರಾದರೂ ಕೇಳಿದರೆ, "ಸೊಂಟ ನೋವು," ಎನ್ನುತ್ತಿದ್ದಳು. ಡಾಕ್ಟರು ಮತ್ತೆ ಕರೆಸಿದರು, ಈ ಸಲ ಇದ್ದದ್ದು ಇದ್ದ ಹಾಗೆ ಹೇಳಲು. ಕೇಳಿದ ಕೆಲವರು ಆಪರೇಷನ್ ಬೇಡ ಎಂದು ಮನೆಗೆ ಹೋದರು, ಹೆಚ್ಚಿನವರು ಮಾಡಿಸಿಕೊಂಡರು. ಟೀಚರಮ್ಮ ಬೆಂಚಿನಲ್ಲಿ ಕೂರುವುದನ್ನು ಬಿಟ್ಟು, ಮನೆಯಲ್ಲಿ ಕುರ್ಚಿಯ ಮೇಲೆ ಕೂತೇ ಪಾಠ ಹೇಳತೊಡಗಿದ್ದರು.

ಅರ್ಧ ಹಾಸಿದ ನೆಲ ಮಾತ್ರ ಹಾಗೇ ಇತ್ತು. ಬೇರೆಯವರಿಂದ ಮುಗಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕಸ ಗುಡಿಸುವಾಗ ಆ ಅಂಚಿಗೆ ಬಂದರೆ ಕೈ ನಿಲ್ಲುತ್ತಿತ್ತು. ಪಾದ ಬಂತೋ ಇಲ್ಲವೋ... ಯಾರನ್ನೂ ಕೇಳುವ ಧೈರ್ಯವಿರಲಿಲ್ಲ.

ವಾರದ ರಜೆಯ ಒಂದು ಬೆಳಿಗ್ಗೆ ಅವಳು ಪಾರ್ಲರ್ ಗುಡಿಸುತ್ತಿದ್ದಾಗ ಷಟರ್ ಮೇಲೆ ಯಾರೋ ಬಡಿದರು. ತೆಗೆದರೆ ಒಬ್ಬ ಗಾರೆ ಕೆಲಸದವನು, ಸಾಮಾನಿನ ಚೀಲದ ಜೊತೆ. ಅವನ ಹಿಂದೆ ಮೇಸ್ತ್ರಿ. ಕೋಲು ಊರಿಕೊಂಡು, ಪಾದಕ್ಕೆ ಬಿಗಿದ ಪಟ್ಟಿಯ ಜೊತೆ. ಆದರೆ ಎರಡೂ ಕಾಲಿನ ಮೇಲೆ ನಿಂತು.

"ಅರ್ಧ ಬಿಟ್ಟ ಕೆಲಸ," ಎಂದ ಅವನು, ನೆಲ ನೋಡುತ್ತಾ. "ನಿದ್ದೆ ಬರ್ತಿರಲಿಲ್ಲ."

ದಿನವಿಡೀ ಅವನು ಕುರ್ಚಿಯಲ್ಲಿ ಕೂತು ಹೇಳಿದ, ಗಾರೆಯವನು ಮಾಡಿದ. "ಆ ಮೂಲೆ ಒಂದು ಕೂದಲೆಳೆ ಎತ್ತು. ಇನ್ನೂ... ಹಾಂ, ಸಾಕು." ಅವಳ ಜೊತೆ ಟೈಲ್ಸ್ ಬಿಟ್ಟು ಬೇರೆ ಮಾತಿಲ್ಲ. ಅವಳೂ ಕೇಳಲಿಲ್ಲ. ನಡುವೆ ಒಮ್ಮೆ ಅವನು ಏಳಲು ಒದ್ದಾಡಿದಾಗ ಅವಳ ಕೈ ತಾನಾಗಿ ಮುಂದೆ ಹೋಯಿತು. ಅವನು ಒಂದು ಕ್ಷಣ ಆ ಕೈಯನ್ನೇ ನೋಡಿ, ಹಿಡಿದು ಎದ್ದ.

ಸಂಜೆ ಕೆಲಸ ಮುಗಿಸಿ ಗಾರೆಯವನು ಹೊರಟ. ಇಬ್ಬರೇ ಉಳಿದರು. ಬಾಗಿಲಿನಾಚೆ ರಸ್ತೆಯ ದೀಪಗಳು ಹತ್ತಿಕೊಂಡವು.

"ನಂಗೆ ನೋವಿಗೆ ಸಿಟ್ಟು ಬಂದಿರಲಿಲ್ಲ," ಎಂದ ಅವನು. "ನೀವಿಬ್ಬರೂ... ನೀನೂ ನಿನ್ನ ನೋವೂ ಇಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ರಿ. ನಾನು ಹೊರಗೆ ನಿಂತು ನಿನ್ನಂಗೆ ಆಗಬೇಕು ಅಂತ ಸಾಯ್ತಿದ್ದೆ. ಅದಕ್ಕೆ ಸಿಟ್ಟು."

ಮತ್ತೆ 'ನೀನು' ಅಂದ.

"ಹೇಳಿದ್ರೆ ನೀನು ಹೋಗಿಬಿಡ್ತೀಯ ಅಂತ ಹೆದರಿದೆ."

"ಹೋದೆನಲ್ಲ."

"ಹೂಂ."

"ಹೋಗಿ ನೋಡ್ದೆ. ಅಲ್ಲೇನೂ ಇರಲಿಲ್ಲ."

ಅವಳು ಸ್ಟೂಲಿನ ಅಂಚು ಹಿಡಿದುಕೊಂಡಳು. ಎಷ್ಟೋ ದಿನದಿಂದ ಒಳಗೆ ಇಟ್ಟುಕೊಂಡಿದ್ದ ಮಾತು, ಯಾವ ಅಲಂಕಾರವೂ ಇಲ್ಲದೆ ಹೊರಗೆ ಬಂತು.

"ನೀನಂದ್ರೆ ನಂಗೆ ಇಷ್ಟ. ಬಹಳ ಇಷ್ಟ. ಇದು ಸುಳ್ಳಲ್ಲ."

"ಗೊತ್ತು," ಎಂದ ಅವನು. ಆಮೇಲೆ ಹುಬ್ಬು ಗಂಟಿಕ್ಕಿ, ಬಹಳ ಗಂಭೀರವಾಗಿ, "ಆದ್ರೆ ಒಂದು ತಾಪತ್ರಯ ಇದೆ," ಎಂದ.

"ಏನು?"

"ನಂಗೆ ಬಗ್ಗೋಕಾಗಲ್ಲ. ನಿಂಗೂ ಸಂಜೆ ಮೇಲೆ ಬಗ್ಗೋಕಾಗಲ್ಲ. ಮನೇಲಿ ಏನಾದ್ರೂ ಕೈ ಜಾರಿ ಕೆಳಗೆ ಬಿದ್ರೆ ಎತ್ತೋರು ಯಾರು?"

ಯಾವ ಮನೆ, ಯಾರ ಮನೆ ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿ, ಅವನ ಮುಖ ಮಸುಕಾಯಿತು.

"ಬಿದ್ದಿರ್ಲಿ ಬಿಡು," ಎಂದಳು. "ಬೆಳಿಗ್ಗೆ ನಾನು ಎತ್ತುತ್ತೀನಿ."